ಟ್ಯಾಂಗೋ ನೆಂಟರು

ಇವತ್ತಿನ ಮಾತು ನೆಂಟರ ಬಗ್ಗೆ. ಮದುವೆಗೋ ಮುಂಜಿಗೋ ಬರುವ ನೆಂಟರಲ್ಲ. ಕುಣಿಯುವುದಕ್ಕೆಂದೇ ಊರೂರು ತಿರುಗುವವರು. ನಾನು ಕುಂದಾಪುರದ ಕಡೆಯವಳು. ಮನೆ ಮಾಡಿಕೊಂಡಿರುವುದು ಜರ್ಮನಿಯ ಬರ್ಲಿನ್ನಿನಲ್ಲಿ. ಅಲ್ಲಿ ಬೇಸಿಗೆ ಬಂತೆಂದರೆ ಅರ್ಜೆಂಟೀನಾದಿಂದ ಟ್ಯಾಂಗೋ ನರ್ತಕರು ಬರುತ್ತಾರೆ. ಗಂಡು ಹೆಣ್ಣು ಜೋಡಿಯಾಗಿ ಬರುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಹೋಟೆಲಿನಲ್ಲಿ ಇಳಿಯುವುದಿಲ್ಲ. ಆ ಊರಿನಲ್ಲಿ ಟ್ಯಾಂಗೋ ಕಲಿಯುತ್ತಿರುವವರ ಮನೆಯಲ್ಲಿ ಇಳಿಯುತ್ತಾರೆ. ನಾನೂ ನನ್ನ ಗಂಡನೂ ಹಾಗೆ ಕಲಿಯುತ್ತಿರುವವರು. ಹಾಗಾಗಿ ನಮ್ಮ ಮನೆಗೂ ಬರುತ್ತಾರೆ.

ಇಂಥ ನೆಂಟರನ್ನು ನೋಡಿಕೊಳ್ಳುವುದು ಹೇಗೆ? ನನಗೆ ತಿಳಿದಿರುವ ಉತ್ತರ ಚಿಕ್ಕದು. ಅವರನ್ನು ಅವರ ಪಾಡಿಗೆ ಬಿಡಬೇಕು. ಹೀಗೆಂದರೆ ನಮ್ಮ ಕಡೆಯವರಿಗೆ ಸರಿಬರುವುದಿಲ್ಲ. ಎಲೆಗೆ ಬಡಿಸಿದ ಮೇಲೂ ಇನ್ನೊಂದು ಸೌಟು ಹಾಕದಿದ್ದರೆ ನಮಗೆ ಸಮಾಧಾನವಿಲ್ಲ. ಆದರೆ ಬಿಟ್ಟುಬಿಡುವುದಕ್ಕೂ ತಯಾರಿ ಬೇಕು. ಅದು ಯಾವ ತಯಾರಿ ಎನ್ನುವುದನ್ನೇ ಇವತ್ತು ಹೇಳುತ್ತೇನೆ.

ಮೊದಲು ಇವರು ಬೇಸಿಗೆಯಲ್ಲೇ ಏಕೆ ಬರುತ್ತಾರೆ ಎಂದು ನೋಡೋಣ. ಯುರೋಪಿನಲ್ಲಿ ಜೂನ್, ಜುಲೈ, ಆಗಸ್ಟ್ ಬೇಸಿಗೆ. ಅದೇ ಹೊತ್ತಿಗೆ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಚಳಿಗಾಲ. ಯುರೋಪಿನ ಜನ ರಜೆಯಲ್ಲಿರುತ್ತಾರೆ. ಬಯಲಿನಲ್ಲಿ ಕುಣಿತ, ಊರಿಗೊಂದು ಉತ್ಸವ, ವಾರಾಂತ್ಯದ ಕಮ್ಮಟ ನಡೆಯುತ್ತಿರುತ್ತವೆ. ನರ್ತಕನಿಗೆ ದುಡಿಮೆ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಇನ್ನೊಂದು ಲೆಕ್ಕವೂ ಇದೆ. ಅರ್ಜೆಂಟೀನಾದವರು ವೀಸಾ ಇಲ್ಲದೆ ಯುರೋಪಿನ ಷೆಂಗೆನ್ ದೇಶಗಳಿಗೆ ಬರಬಹುದು. ಆದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ದುಡಿಮೆಗೆ ಬೇಕಾದ ಕಾಗದಪತ್ರ ಬೇರೆ. ಅಜ್ಜನೋ ಮುತ್ತಜ್ಜನೋ ಇಟಲಿಯವನಾಗಿದ್ದು, ಆ ಮೂಲಕ ಇಟಲಿಯ ಪಾಸ್‌ಪೋರ್ಟ್ ಪಡೆದವರಿಗೆ ಈ ಗೋಳಿಲ್ಲ. ಉಳಿದವರು 90 ದಿನಗಳ ಒಳಗೆ ಎಷ್ಟು ಊರು ಮುಗಿಸಲಾಗುತ್ತದೋ ಅಷ್ಟನ್ನೂ ಮುಗಿಸಬೇಕು. ಅದಕ್ಕೇ ಅವರ ಪ್ರವಾಸದಲ್ಲಿ ಬಿಡುವು ಎಂಬುದೇ ಇರುವುದಿಲ್ಲ. ಇವತ್ತು ಬರ್ಲಿನ್, ನಾಲ್ಕು ದಿನ ಬಿಟ್ಟು ಹ್ಯಾಂಬರ್ಗ್, ಆಮೇಲೆ ವಿಯೆನ್ನಾ, ಆಮೇಲೆ ಇಟಲಿಯ ಒಂದು ಸಣ್ಣ ಊರು.

ಬೇಸಿಗೆಯಲ್ಲಿ ಬರುವುದು ಏಕೆಂದು ಹೇಳಿದೆ. ಇನ್ನು ಅವರು ತರುವ ಕುಣಿತ ಎಂಥದು? ರೇಡಿಯೋದಲ್ಲಿ ಕುಣಿತವನ್ನು ತೋರಿಸುವಂತಿಲ್ಲ. ಹೇಳಿಯೇ ತಿಳಿಸಬೇಕು. ಹಲ್ಲಿನಲ್ಲಿ ಗುಲಾಬಿ ಕಚ್ಚಿಕೊಂಡು, ಕತ್ತು ಝಾಡಿಸಿ ಕುಣಿಯುವುದನ್ನು ನೀವು ಸಿನಿಮಾದಲ್ಲಿ ಕಂಡಿರಬಹುದು. ಅದನ್ನು ದಯವಿಟ್ಟು ಮರೆತುಬಿಡಿ. ಒಂದು ಗಂಡು, ಒಂದು ಹೆಣ್ಣು ಎದುರುಬದುರು ನಿಲ್ಲುತ್ತಾರೆ. ಎದೆಗೆ ಎದೆ ತಾಗುವಷ್ಟು ಹತ್ತಿರ. ಆತನ ಎಡಗೈಯಲ್ಲಿ ಆಕೆಯ ಬಲಗೈ. ಆತನ ಬಲತೋಳು ಆಕೆಯ ಬೆನ್ನನ್ನು ಬಳಸಿರುತ್ತದೆ. ಅಷ್ಟೆ. ಉಳಿದದ್ದೆಲ್ಲ ನಡಿಗೆ. ಆತ ಮುಂದಕ್ಕೆ ಹೆಜ್ಜೆ ಇಡುತ್ತಾನೆ, ಆಕೆ ಹಿಂದಕ್ಕೆ ಇಡುತ್ತಾಳೆ. ನಡುನಡುವೆ ತಿರುವು, ನಿಲುಗಡೆ, ನೆಲದ ಮೇಲೆ ಪಾದ ಎಳೆಯುವ ಗೆರೆಗಳು. ರಂಗಮಂಚಕ್ಕೆಂದು ಕಟ್ಟಿದ ಟ್ಯಾಂಗೋದಲ್ಲಿ ಹೆಜ್ಜೆಗಳನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಕೂಟಗಳಲ್ಲಿ ಕುಣಿಯುವ ಟ್ಯಾಂಗೋದಲ್ಲಿ ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ಆಯಾ ಕ್ಷಣಕ್ಕೆ ಹುಟ್ಟುತ್ತದೆ. ಆತನ ಎದೆಯ ತಿರುವಿನಿಂದಲೇ ಆಕೆ ತಿಳಿದುಕೊಳ್ಳಬೇಕು. ಮೈ ಚೆನ್ನಾಗಿ ದಣಿವಾರಿಸಿಕೊಂಡಿದ್ದರೆ ಮಾತ್ರ ಇದು ಸಾಧ್ಯ. ನಿದ್ದೆಗೆಟ್ಟ ಮೈಗೆ ಇನ್ನೊಂದು ಮೈಯ ಮಾತು ಕೇಳಿಸುವುದಿಲ್ಲ.

ಕುಣಿತದ ರೀತಿ ಹೇಳಿದ್ದಾಯಿತು. ಇದು ಜರ್ಮನಿಗೆ ಹೇಗೆ ಬಂತು ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಟ್ಯಾಂಗೋ ಹುಟ್ಟಿದ್ದು 19ನೆಯ ಶತಮಾನದ ಕೊನೆಯಲ್ಲಿ, ಬ್ಯೂನಸ್ ಐರಿಸ್ ಮತ್ತು ಅದರ ಎದುರು ದಡದ ಮಾಂಟೆವಿಡಿಯೋ ಬಂದರುಗಳ ಬಡಕೇರಿಗಳಲ್ಲಿ. 1913ರ ಹೊತ್ತಿಗೆ ಪ್ಯಾರಿಸ್ ನಗರ ಅದರ ಹುಚ್ಚು ಹಿಡಿಸಿಕೊಂಡಿತ್ತು. ಆ ಹುಚ್ಚು ಬರ್ಲಿನ್ನಿಗೂ ಬಂತು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್‌ನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಸಮವಸ್ತ್ರದಲ್ಲಿರುವ ಅಧಿಕಾರಿಗಳು ಟ್ಯಾಂಗೋ ಕುಣಿಯಕೂಡದು ಎಂದು ಅದೇ ವರ್ಷ ಅಪ್ಪಣೆ ಹೊರಡಿಸಿದ. ಟ್ಯಾಂಗೋ ಕುಣಿಯುವವರ ಮನೆಗಳಿಗೂ ಅವರು ಕಾಲಿಡಕೂಡದು ಎಂದ. ಅಂದರೆ ನಮ್ಮ ಮನೆಯಂಥ ಮನೆಗಳಿಗೆ! ತಮಾಷೆಯೆಂದರೆ ಬರ್ಲಿನ್ನಿನ ಹಳೆಯ ನೃತ್ಯಮಂದಿರ ಕ್ಲೇರ್‌ಷೆನ್ಸ್ ಬಾಲ್‌ಹೌಸ್ ಬಾಗಿಲು ತೆರೆದದ್ದೂ ಅದೇ 1913ರಲ್ಲಿ. ಚಕ್ರವರ್ತಿ ಹೋದ, ಎರಡು ಮಹಾಯುದ್ಧಗಳೂ ಆಗಿ ಹೋದವು. ಬಾಲ್‌ಹೌಸ್ ಇನ್ನೂ ಇದೆ.

ಇನ್ನೂ ಹತ್ತಿರದ ನಂಟು ಒಂದಿದೆ. ಟ್ಯಾಂಗೋ ವಾದ್ಯಮೇಳದಲ್ಲಿ ಸಾಮಾನ್ಯವಾಗಿ ಮದ್ದಳೆ, ಡ್ರಮ್ಮು ಯಾವುದೂ ಇರುವುದಿಲ್ಲ. ಅದರ ಜೀವವೆಂದರೆ ಬ್ಯಾಂಡೋನಿಯನ್. ತೊಡೆಯ ಮೇಲಿಟ್ಟುಕೊಂಡು ಎರಡೂ ಕಡೆ ಎಳೆದು ಒತ್ತಿ ನುಡಿಸುವ ತಿದಿಯ ವಾದ್ಯ. 70ರಷ್ಟು ಗುಂಡಿಗಳು. ಎಳೆಯುವಾಗ ಒಂದು ಸ್ವರ, ಅದೇ ಗುಂಡಿಯನ್ನು ಹಿಡಿದು ಒತ್ತುವಾಗ ಇನ್ನೊಂದು. ಈ ವಾದ್ಯ ಜರ್ಮನಿಯದು. ಕ್ರೇಫೆಲ್ಡ್ ಊರಿನ ಹೈನ್‌ರಿಷ್ ಬ್ಯಾಂಡ್ ಎಂಬಾತನ ಹೆಸರಿನಿಂದಲೇ ಅದಕ್ಕೆ ಹೆಸರು ಬಂದದ್ದು. ಸ್ಯಾಕ್ಸನಿಯ ಗುಡ್ಡದೂರು ಕಾರ್ಲ್ಸ್‌ಫೆಲ್ಡ್‌ನಲ್ಲಿ ಆಲ್ಫ್ರೆಡ್ ಆರ್ನಾಲ್ಡ್ ಕಾರ್ಖಾನೆ ಮಾಡಿದ ಬ್ಯಾಂಡೋನಿಯನ್ನುಗಳು ಹಡಗು ಹತ್ತಿ ಬ್ಯೂನಸ್ ಐರಿಸ್ ಸೇರಿದವು. ಎರಡನೆಯ ಮಹಾಯುದ್ಧದ ನಂತರ ಆ ಕಾರ್ಖಾನೆ ಪೂರ್ವ ಜರ್ಮನಿಯ ಸರ್ಕಾರದ ಪಾಲಾಯಿತು. ವಾದ್ಯ ಮಾಡುವುದು ನಿಂತಿತು. ಇವತ್ತಿಗೂ ಹಳೆಯ ಆರ್ನಾಲ್ಡ್ ವಾದ್ಯ ಇಟ್ಟುಕೊಂಡಿರುವವರು ಅದನ್ನು ಚಿನ್ನ ಕಾದಂತೆ ಕಾಯುತ್ತಾರೆ.

ಆದರೂ ನಾವು ಈಗ ಕಾಣುವ ನರ್ತಕರ ತಿರುಗಾಟ ಅಷ್ಟು ಹಳೆಯದಲ್ಲ. 1983ರಲ್ಲಿ ಪ್ಯಾರಿಸ್ಸಿನಲ್ಲಿ ಟ್ಯಾಂಗೋ ಅರ್ಜೆಂಟೀನೋ ಎಂಬ ಪ್ರದರ್ಶನ ನಡೆಯಿತು. ಕ್ಲಾಡಿಯೋ ಸೆಗೋವಿಯಾ ಮತ್ತು ಹೆಕ್ಟರ್ ಒರೆಝೋಲಿ ಕಟ್ಟಿದ್ದು. 1985ರಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಯಿತು. ಅದರಲ್ಲಿ ಕುಣಿದವರು ಎಳೆಯರೇನಲ್ಲ. ಹುವಾನ್ ಕಾರ್ಲೋಸ್ ಕೋಪೆಸ್ ಮತ್ತು ಮರಿಯಾ ನಿಯೆವೆಸ್ ಆಗಲೇ 50ರ ಆಸುಪಾಸಿನವರು. ವಿರುಲಾಸೋ ಎಂಬಾತ ದಢೂತಿ ಆಳು. ಅಂಥವನು ಹಗುರವಾಗಿ ಹೆಜ್ಜೆ ಹಾಕಿದ್ದನ್ನು ಕಂಡು, ನಾವೂ ಕಲಿಯಬಹುದಲ್ಲ ಎಂದು ಜನಕ್ಕೆ ಅನ್ನಿಸಿತು. ಕಲಿಯುವವರು ಹುಟ್ಟಿಕೊಂಡರು. ಕಲಿಸುವವರಿಗೆ ಕರೆ ಹೋಯಿತು. 2001ರಲ್ಲಿ ಅರ್ಜೆಂಟೀನಾದ ಆರ್ಥಿಕ ಸ್ಥಿತಿ ಕುಸಿದುಬಿದ್ದಾಗ ಹೊರಗಿನ ದುಡಿಮೆ ಅನಿವಾರ್ಯವೂ ಆಯಿತು.

ಹೀಗೆ ಅವರು ನಮ್ಮ ಮನೆ ಬಾಗಿಲಿಗೆ ಬಂದರು ಎನ್ನಿ. ಒಳಗೆ ಕರೆದುಕೊಂಡೆವು. ಮೊದಲ ಏರ್ಪಾಡು ಯಾವುದು? ನಿದ್ದೆ. ಊಟಕ್ಕಿಂತ ಮೊದಲು ನಿದ್ದೆ.

ಬ್ಯೂನಸ್ ಐರಿಸ್‌ನಿಂದ ಜರ್ಮನಿಗೆ ವಿಮಾನದಲ್ಲಿ 13 ಗಂಟೆಯ ಮೇಲೆ ಹಿಡಿಯುತ್ತದೆ. ಎರಡೂ ಕಡೆಯ ಗಡಿಯಾರಕ್ಕೆ ಬೇಸಿಗೆಯಲ್ಲಿ 5 ಗಂಟೆಯ ವ್ಯತ್ಯಾಸ. ಸಾಲದ್ದಕ್ಕೆ ಇವರ ಕೆಲಸವೆಲ್ಲ ರಾತ್ರಿ. ಟ್ಯಾಂಗೋ ಕೂಟಕ್ಕೆ ಮಿಲೋಂಗಾ ಎನ್ನುತ್ತಾರೆ. ಅದು ರಂಗೇರುವುದೇ ರಾತ್ರಿ 11ರ ಮೇಲೆ. ಮನೆಗೆ ಬರುವಾಗ ಬೆಳಗಿನ 3, 4 ಗಂಟೆ. ಜೂನ್ ತಿಂಗಳ ಬರ್ಲಿನ್ನಿನಲ್ಲಿ 5 ಗಂಟೆಗೆ ಮೊದಲೇ ಸೂರ್ಯ ಹುಟ್ಟಿಬಿಡುತ್ತಾನೆ. ಅವರು ಮಲಗುವ ಹೊತ್ತಿಗೆ ಕೋಣೆಯ ತುಂಬ ಬೆಳಕು. ಕಿಟಕಿ ಮುಚ್ಚಿದರೆ ಸೆಕೆ. ನಮ್ಮ ಊರಿನ ಹಾಗೆ ಅಲ್ಲಿ ತಲೆಯ ಮೇಲೆ ಫ್ಯಾನು ತಿರುಗುವುದಿಲ್ಲ. ಚಳಿಗೆಂದು ಕಟ್ಟಿದ ಮನೆಗಳವು. ಹಾಗಾಗಿ ಮೇ ತಿಂಗಳು ಮುಗಿಯುವುದರೊಳಗೆ ನಾವು ಮೂರು ಕೆಲಸ ಮಾಡುತ್ತೇವೆ. ಅವರ ಕೋಣೆಗೆ ಬೆಳಕು ನುಸುಳದ ದಪ್ಪ ಕಪ್ಪು ಪರದೆ ಹಾಕುತ್ತೇವೆ. ಪರದೆಯ ಅಂಚಿಗೂ ಗೋಡೆಗೂ ನಡುವಿನ ಸಂದಿಗೆ ಅಂಟುಪಟ್ಟಿ ಹಚ್ಚುತ್ತೇವೆ. ಒಂದು ಮೇಜಿನ ಫ್ಯಾನನ್ನು ಅಟ್ಟದಿಂದ ಇಳಿಸುತ್ತೇವೆ. ಮಧ್ಯಾಹ್ನ 12ರವರೆಗೆ ಆ ಕೋಣೆಯ ಕಡೆ ಯಾರೂ ಸುಳಿಯುವುದಿಲ್ಲ. ಕುಕ್ಕರ್ ಕೂಗಿಸುವುದಿಲ್ಲ. ಮಿಕ್ಸಿ ಹಾಕುವುದಿಲ್ಲ. ಚಟ್ನಿ ಬೇಕಾದರೆ ಹಿಂದಿನ ಸಂಜೆಯೇ ರುಬ್ಬಿಡಬೇಕು.

ಒಂದು ಬೇಸಿಗೆಯಲ್ಲಿ ನನ್ನ ಅಮ್ಮ ಬಂದಿದ್ದರು. ಅವರಿಗೆ ಇದು ವಿಚಿತ್ರವಾಗಿ ಕಂಡಿತು. ರಾತ್ರಿ ಊಟದ ಪಾತ್ರೆಗಳನ್ನು ಮುಚ್ಚಿಟ್ಟು ನಾನು ಮಲಗಲು ಹೊರಟಿದ್ದೆ. "ಎಂತ ಇದ್, ಬಂದವ್ರಿಗೆ ಬಡಿಸ್ದೆ ಮನಿಕಂಬುದಾ?" ಎಂದು ಕೇಳಿದರು. ನಾನು ಹೇಳಿದೆ, "ಅಮ್ಮ, ಇವ್ರು ಮೇಳದವ್ರ ಹಾಂಗೆ." ಅಷ್ಟು ಹೇಳಿದ್ದೇ ಸಾಕಾಯಿತು. ನಮ್ಮಲ್ಲಿ ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳ ಮಳೆ ಹಿಡಿಯುವ ಮೊದಲು ಗೆಜ್ಜೆ ಬಿಚ್ಚುತ್ತದೆ. ಅಷ್ಟು ದಿನವೂ ಊರಿಂದೂರಿಗೆ ನಡೆ. ಮಂದಾರ್ತಿ ಮೇಳದ ಹರಕೆ ಆಟ ಆಡಿಸುವ ಮನೆಯವರಿಗೆ ಗೊತ್ತು. ರಾತ್ರಿಯಿಡೀ ವೇಷ ಕಟ್ಟುವವನನ್ನು ಹಗಲು ಎಬ್ಬಿಸಬಾರದು. ಮಾತಿಗೆ ಎಳೆಯಬಾರದು. ಬಣ್ಣದ ಪೆಟ್ಟಿಗೆ ಮುಟ್ಟಬಾರದು. ಮರುದಿನ ಬೆಳಗ್ಗೆ ಪಕ್ಕದ ಕೋಣೆಯಲ್ಲಿ ನನ್ನ ಮಗ ಚೆಂಡು ಪುಟಿಸುತ್ತಿದ್ದ. ಅವನ ಕೈಯಿಂದ ಚೆಂಡು ಕಸಿದವರು ಅಮ್ಮನೇ.

ನಿದ್ದೆಯ ಮಾತಾಯಿತು. ಇನ್ನು ಊಟ. ಅವರು ಎದ್ದು ಅಡುಗೆಮನೆಗೆ ಬಂದರೆ ಮೊದಲು ಬೇಕಾಗುವುದು ಮಾಟೆ. ಇದು ಅವರ ಪೇಯ. ಯೆರ್ಬಾ ಎಂಬ ಒಣ ಎಲೆಯ ಹುಡಿಯನ್ನು ಸಣ್ಣ ಸೋರೆಬುರುಡೆಯಲ್ಲಿ ಮುಕ್ಕಾಲು ಭಾಗ ತುಂಬುತ್ತಾರೆ. ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುತ್ತಾರೆ. ನೀರು ಕುದಿಯಬಾರದು. 80 ಡಿಗ್ರಿ ಹತ್ತಿರ ಬಂದೊಡನೆ ಇಳಿಸಬೇಕು. ಕುದಿದರೆ ಯೆರ್ಬಾ ಸುಟ್ಟು ಕಹಿಯಾಗುತ್ತದೆ. ನೀರು ಕೊತಕೊತ ಕುದಿಯದೆ ಕಾಫಿಯಿಲ್ಲ ಎಂದು ನಂಬಿದವರು ಇದನ್ನು ಹೊಸದಾಗಿ ಕಲಿಯಬೇಕು. ಅಥವಾ ಒಂದು ಥರ್ಮಾಸ್ ಫ್ಲಾಸ್ಕನ್ನು ಅವರ ಕೈಗೆ ಕೊಟ್ಟು ಸುಮ್ಮನಿರಬೇಕು. ನಾನು ಎರಡನೆಯದನ್ನು ಮಾಡುತ್ತೇನೆ.

ಅವರ ನಾಡು ದನದ ಮಾಂಸಕ್ಕೆ ಹೆಸರಾದದ್ದು. ನಮ್ಮ ಮನೆಯಲ್ಲಿ ಮಾಂಸವಿಲ್ಲ. ಇದನ್ನು ಬರುವ ಮೊದಲೇ ಹೇಳಿಬಿಡಬೇಕು. ಸಂಕೋಚ ಬೇಡ. ಹೊರಗೆ ತಿನ್ನುತ್ತಾರೆ. ಅವರ ಊರಿನಲ್ಲಿ ಇಟಲಿಯ ಮೂಲದವರು ಬಹಳ. ಪಾಸ್ತಾ, ಟೊಮೇಟೋ, ಆಲೂಗಡ್ಡೆ ಅವರಿಗೆ ಮನೆಯ ಊಟ. ಖಾರ ಮಾತ್ರ ಸುತರಾಂ ಆಗದು. ಒಗ್ಗರಣೆಯ ಒಣಮೆಣಸು ಕೂಡ ಕಣ್ಣಲ್ಲಿ ನೀರು ತರಿಸುತ್ತದೆ. ಒಮ್ಮೆ ಮಾಡಿದ ದೋಸೆ ಮಾತ್ರ ಗೆದ್ದಿತು. ಚಟ್ನಿಯನ್ನು ಬದಿಗೆ ಸರಿಸಿ, ತಮ್ಮ ಚೀಲದಿಂದ ಹಾಲು ಸಕ್ಕರೆ ಕಾಯಿಸಿದ ದುಲ್ಸೆ ದೆ ಲೆಚೆಯ ಡಬ್ಬಿ ತೆಗೆದು, ದೋಸೆಗೆ ಬಳಿದು ತಿಂದರು. ನೋಡಿಯೂ ನೋಡದಂತೆ ಇದ್ದೆ. ಆಮೇಲೆ ರುಚಿ ನೋಡಿದೆ. ಕೆಟ್ಟದಾಗಿರಲಿಲ್ಲ.

ರಾತ್ರಿ ಊಟ ಅವರು ಬರುವ ಹೊತ್ತಿಗೆ. ಅದಕ್ಕೆ ಕಾಯಬಾರದು. ಫ್ರಿಜ್ಜಿನ ಒಂದು ಅರೆಯನ್ನು ಅವರಿಗೆ ಬಿಟ್ಟುಕೊಡಿ. ತಟ್ಟೆ ಎಲ್ಲಿದೆ, ಒಲೆ ಹೇಗೆ ಹೊತ್ತಿಸುವುದು ಎಂದು ಮೊದಲ ದಿನವೇ ತೋರಿಸಿಬಿಡಿ. ನಾವು ಎದ್ದು ಕುಳಿತಿದ್ದರೆ ಅವರು ಮಾತಾಡಬೇಕಾಗುತ್ತದೆ. ಬೆಳಗಿನ ಜಾವ 4 ಗಂಟೆಗೆ ಪರಭಾಷೆಯಲ್ಲಿ ಮಾತಾಡಿಸುವುದು ಉಪಚಾರವಲ್ಲ, ಶಿಕ್ಷೆ.

ನಿದ್ದೆ, ಊಟ ಆಯಿತು. ಮೂರನೆಯದು ಕಾಲು. ಕಾಲು ಎಂದರೆ ಚಪ್ಪಲಿ ಮತ್ತು ನೆಲ. ಈ ನರ್ತಕರು ವಿಮಾನದಲ್ಲಿ ಕುಣಿತದ ಷೂಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳುತ್ತಾರೆ. ದೊಡ್ಡ ಪೆಟ್ಟಿಗೆ ಕಳೆದುಹೋದರೆ ಉಡುಪು ಎರವಲು ಸಿಗುತ್ತದೆ, ಷೂ ಸಿಗುವುದಿಲ್ಲ. ಹೆಂಗಸರ ಷೂಗೆ ಮೂರು ಇಂಚಿನ ಹಿಮ್ಮಡಿ. ಅಡಿಗೆ ತೊಗಲು. ಆ ತೊಗಲು ನುಣ್ಣಗಾದರೆ ತಂತಿಯ ಬ್ರಷ್ಷಿನಿಂದ ಉಜ್ಜಿ ಒರಟು ಮಾಡುತ್ತಾರೆ. ಸಭಾಂಗಣಕ್ಕೆ ಕರೆದುಕೊಂಡು ಹೋದರೆ ನರ್ತಕಿ ದೀಪ ನೋಡುವುದಿಲ್ಲ, ಕುರ್ಚಿ ನೋಡುವುದಿಲ್ಲ. ನೇರ ನಡುವಿಗೆ ಹೋಗುತ್ತಾಳೆ. ಕಾಲ ತುದಿಯಿಂದ ನೆಲ ಉಜ್ಜುತ್ತಾಳೆ. ಒಂದು ಸುತ್ತು ತಿರುಗುತ್ತಾಳೆ. ಹಿಂದಿನ ರಾತ್ರಿ ಚೆಲ್ಲಿದ ಬಿಯರಿನ ಅಂಟು ಎಲ್ಲಿದೆಯೆಂದು ಪಾದಕ್ಕೆ ಗೊತ್ತಾಗುತ್ತದೆ. ಮೈ ತಿರುಗಿ ಷೂ ತಿರುಗದಿದ್ದರೆ ಮಂಡಿ ಹೋಯಿತೆಂದೇ ಲೆಕ್ಕ. ಆಮೇಲೆ ಬಕೆಟ್ಟು ಬಟ್ಟೆ ಹಿಡಿಯುವುದು ನಮ್ಮ ಕೆಲಸ. ಸ್ಪ್ರೇ ನದಿಯ ದಡದಲ್ಲಿ, ಮೊನ್‌ಬಿಜು ಪಾರ್ಕಿನ ಬಳಿ ಬೇಸಿಗೆಯ ಸಂಜೆ ಬಯಲಿನಲ್ಲೇ ಟ್ಯಾಂಗೋ ನಡೆಯುತ್ತದೆ. ಗಾಳಿ ಚೆನ್ನ, ನೋಟ ಚೆನ್ನ. ಆದರೆ ಪ್ರದರ್ಶನದ ಹಿಂದಿನ ದಿನ ಬಯಲಿನ ಒರಟು ನೆಲದ ಮೇಲೆ ಒಳ್ಳೆಯ ಷೂ ಸವೆಸಲು ಯಾರೂ ಒಪ್ಪುವುದಿಲ್ಲ. ಒತ್ತಾಯ ಮಾಡಬೇಡಿ.

ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಇನ್ನೊಂದು ತೊಡಕು. ಹಳೆಯ ಬರ್ಲಿನ್ ಮನೆಗಳದು ಹಲಗೆಯ ನೆಲ. ಕುಣಿಯಲು ಚೆನ್ನ. ಆದರೆ ಕೆಳಗಿನ ಮನೆಯವರ ತಲೆಯ ಮೇಲೇ ಹಿಮ್ಮಡಿ ಕುಟ್ಟಿದಂತಾಗುತ್ತದೆ. ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದು ಮಾಡುವಂತಿಲ್ಲ. ಭಾನುವಾರ ಹಗಲೂ ಇಲ್ಲ. ಅದಕ್ಕೇ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸುತ್ತೇವೆ. ನೆಂಟರು ಬಂದಿದ್ದಾರೆ, ಇಂಥ ದಿನ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಅಭ್ಯಾಸ, ದಯವಿಟ್ಟು ಸಹಕರಿಸಿ. ಚೀಟಿ ಇದ್ದರೆ ಜರ್ಮನ್ನರು ಬಹಳಷ್ಟನ್ನು ಸಹಿಸುತ್ತಾರೆ.

ಇಷ್ಟೆಲ್ಲ ಏರ್ಪಾಡು ಯಾತಕ್ಕೆ? ಹತ್ತು ಹನ್ನೆರಡು ನಿಮಿಷಕ್ಕೆ. ಹಳೆಯ ಗ್ರಾಮಾಫೋನ್ ತಟ್ಟೆಯ ಅಳತೆಗೆ ತಕ್ಕಂತೆ ಒಂದು ಟ್ಯಾಂಗೋ ಮೂರು ನಿಮಿಷದ್ದು. ಅಂಥವು ಮೂರೋ ನಾಲ್ಕೋ. ನಡುರಾತ್ರಿಯ ಸುಮಾರಿಗೆ ಕುಣಿಯುವವರೆಲ್ಲ ಬದಿಗೆ ಸರಿದು ನೆಲದ ಮೇಲೆ ಸುತ್ತ ಕೂರುತ್ತಾರೆ. ಜೋಡಿ ಮೂಲೆಯಲ್ಲಿ ನಿಂತಿರುತ್ತದೆ. ಒಮ್ಮೆ ನಾನು ಅವರ ನೀರಿನ ಬಾಟಲಿ ಹಿಡಿದು ಹತ್ತಿರವೇ ಇದ್ದೆ. ಆತ ಮೆಲ್ಲಗೆ "ಪುಗ್ಲಿಯೇಸೆ, ಪುಗ್ಲಿಯೇಸೆ, ಪುಗ್ಲಿಯೇಸೆ" ಎಂದ. ಒಸ್ವಾಲ್ಡೋ ಪುಗ್ಲಿಯೇಸೆ ಟ್ಯಾಂಗೋದ ದೊಡ್ಡ ಪಿಯಾನೋ ವಾದಕ, ಕಮ್ಯುನಿಸ್ಟ್ ಆಗಿ ಜೈಲು ಕಂಡವರು. ಅವರು ಬಾರದ ರಾತ್ರಿ ಅವರ ಮೇಳದವರು ಪಿಯಾನೋದ ಮೇಲೆ ಕೆಂಪು ಹೂವಿಟ್ಟು ನುಡಿಸುತ್ತಿದ್ದರಂತೆ. ಅವರ ಹೆಸರನ್ನು ಮೂರು ಸಲ ಹೇಳಿದರೆ ವಿಘ್ನ ಬರುವುದಿಲ್ಲವೆಂದು ಅರ್ಜೆಂಟೀನಾದ ಕಲಾವಿದರ ನಂಬಿಕೆ. ಕಮ್ಯುನಿಸ್ಟರೊಬ್ಬರ ಹೆಸರೇ ಮಂತ್ರವಾಗಿದೆ! ಆಮೇಲೆ ಇಬ್ಬರೂ ನಡುವಿಗೆ ಹೋದರು. ತೋಳು ಬಳಸಿ ನಿಂತರು. ಸಂಗೀತ ಶುರುವಾಯಿತು. ಅವರು ಕದಲಲಿಲ್ಲ. ಮೊದಲ ಸಾಲು ಮುಗಿಯುವವರೆಗೆ ನಿಂತು ಕೇಳಿದರು. ಆಮೇಲೆ ಒಂದೇ ಒಂದು ಹೆಜ್ಜೆ.

ಪ್ರದರ್ಶನ ಮುಗಿಯಿತು. ಆತಿಥ್ಯದ ಅತಿ ಕಷ್ಟದ ಭಾಗ ಇಲ್ಲಿಂದ. ಎಲ್ಲರಿಗೂ ಅವರೊಡನೆ ಒಂದು ಸುತ್ತು ಕುಣಿಯುವ ಆಸೆ. ಮಿಲೋಂಗಾದಲ್ಲಿ ಬಾಯಿಬಿಟ್ಟು ಕರೆಯುವುದಿಲ್ಲ. ದೂರದಿಂದ ಕಣ್ಣು ಕೂಡಿಸಿ ತಲೆಯಾಡಿಸಿ ಕರೆಯುತ್ತಾರೆ. ಆಕೆ ಕಣ್ಣು ತಗ್ಗಿಸಿ ಚೀಲದಲ್ಲಿ ಏನೋ ಹುಡುಕತೊಡಗಿದಳೆಂದರೆ ದಣಿದಳೆಂದು ತಿಳಿಯಬೇಕು. "ಸಾಕು" ಎಂಬ ಮಾತು ಅವರ ಬಾಯಿಂದ ಬರಬಾರದು. ಅದು ಅವರ ಮುಂದಿನ ವರ್ಷದ ಕರೆಗೆ ಕುತ್ತು. ನಮ್ಮ ಬಾಯಿಂದ ಬರಬೇಕು. ಕಡೆಯ ರೈಲು ತಪ್ಪುತ್ತದೆ, ನಾಳೆ ಬೇಗ ಏಳಬೇಕು ಎಂದು ನಾವು ನಿಷ್ಠುರ ಕಟ್ಟಿಕೊಳ್ಳಬೇಕು. ಅದಕ್ಕೂ ಹೊತ್ತು ನೋಡಬೇಕು. ನಾಲ್ಕು ಹಾಡುಗಳ ಒಂದು ಕಂತು ಶುರುವಾದರೆ ನಡುವೆ ಬಿಟ್ಟು ಬರುವುದು ಅವಮಾನ. ಕಂತಿಗೂ ಕಂತಿಗೂ ನಡುವೆ ಅರೆ ನಿಮಿಷ ಬೇರೆ ಸಂಗೀತ ಹಾಕುತ್ತಾರೆ. ಆಗ ಹೋಗಿ ಕರೆದುಕೊಂಡು ಬಂದುಬಿಡಬೇಕು.

ಕೊನೆಯದಾಗಿ ಹಣ. ಮನೆಯಲ್ಲಿ ಇಳಿಸಿಕೊಂಡೆವು ಎಂದ ಮಾತ್ರಕ್ಕೆ ಸಂಭಾವನೆಯಲ್ಲಿ ಕಡಿತ ಮಾಡಬಾರದು. ವಿಮಾನದ ಖರ್ಚು ಹಲವು ಊರುಗಳ ನಡುವೆ ಹಂಚಿಹೋಗುತ್ತದೆ. ಪ್ರದರ್ಶನದಲ್ಲಿ ಸಿಗುವುದು ಅಷ್ಟಕ್ಕಷ್ಟೆ. ಹಗಲಿನ ಕಮ್ಮಟ, ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠ, ಇವುಗಳಲ್ಲೇ ಅವರ ದುಡಿಮೆ. ಹಾಗಾಗಿ ಮನೆಯವರು ಬಿಟ್ಟಿ ಪಾಠ ಕೇಳಬಾರದು. ದುಡ್ಡು ಕೊಟ್ಟೇ ಕಲಿಯಬೇಕು. ಕುಣಿತ ಏರ್ಪಡಿಸಿದವರು ಲಕೋಟೆಯನ್ನು ಅದೇ ರಾತ್ರಿ ಕೊಡಬೇಕು. ನಾಳೆ ನೋಡೋಣ ಎಂದರೆ ಆಗದು. ನಾಳೆ ಅವರು ಹ್ಯಾಂಬರ್ಗಿನ ರೈಲಿನಲ್ಲಿ ಇರುತ್ತಾರೆ. ಹಾಗೆ ನಾಳೆ ನೋಡೋಣ ಎಂದವರೊಬ್ಬರ ಮನೆಗೆ ಆ ವಾರವೆಲ್ಲ ಫೋನು ಮಾಡಿದ್ದು ನನ್ನ ಗಂಡ.